ಪ್ಯಾಕೇಜೋ, ಬಿಡಿ ಬುಕಿಂಗೋ? ಕಟ್ಟಿದ ದುಡ್ಡಿಗೆ ಯಾರು ಗ್ಯಾರಂಟಿ?

ಪ್ರಶ್ನೆ: ಇಂಗ್ಲೆಂಡಿಗೆ ಬಂದು ಒಂದು ವರ್ಷ ಆಯ್ತು. ಬೇಸಿಗೆ ರಜೆಗೆ ನಾವು ನಾಲ್ಕು ಜನ ಸ್ಪೇನಿನ ಟೆನೆರಿಫ್ ದ್ವೀಪಕ್ಕೆ ಹೋಗೋಣ ಅಂತಿದ್ದೇವೆ. ಫ್ಲೈಟು, ಹೋಟೆಲು ಒಟ್ಟಿಗೇ ಸಿಗುವ ಪ್ಯಾಕೇಜ್ ಬಿಟ್ಟು, ಬೇರೆ ಬೇರೆ ಬುಕ್ ಮಾಡಿದರೆ 180 ಪೌಂಡ್ ಉಳಿಯುತ್ತದೆ. ಆದರೆ ಯಾವುದಾದರೂ ಕಂಪನಿ ಬಾಗಿಲು ಹಾಕಿದರೆ? ಅನುಭವ ಇರುವವರು ದಯವಿಟ್ಟು ಹೇಳಿ.

ಲೆಸ್ಟರ್‌ನಿಂದ: ಇದೇ ಲೆಕ್ಕ ಹಾಕಿ ಕೈ ಸುಟ್ಟುಕೊಂಡವನು ನಾನು. ಟಿಕೆಟ್ ಏರ್‌ಲೈನ್‌ನಲ್ಲೇ ತಗೊಂಡಿದ್ದೆ, ಹೋಟೆಲ್ ಬೇರೆ ಕಡೆ. ಹೊರಡೋಕೆ ಹನ್ನೊಂದು ದಿನ ಇದ್ದಾಗ ಏರ್‌ಲೈನ್ ದಿವಾಳಿ. ಟಿಕೆಟ್ ದುಡ್ಡು ಡೆಬಿಟ್ ಕಾರ್ಡಿನ ಚಾರ್ಜ್‌ಬ್ಯಾಕ್‌ನಲ್ಲಿ (ಕಟ್ಟಿದ ದುಡ್ಡನ್ನು ಬ್ಯಾಂಕ್ ಮೂಲಕ ವಾಪಸ್ ಕೇಳೋದು) ಆರು ವಾರಕ್ಕೆ ಬಂತು. ಹೋಟೆಲಿಗೆ ಫೋನ್ ಮಾಡಿದೆ. 'ನಿಮ್ಮ ರೂಮ್ ರೆಡಿ ಇದೆ, ಬನ್ನಿ' ಅಂದಳು ರಿಸೆಪ್ಷನಿನವಳು, ಪಾಪ, ನಗುನಗುತ್ತಲೇ. ಅವರದೇನು ತಪ್ಪು? 640 ಪೌಂಡ್ ನೀರಿಗೆ ಹೋಯಿತು.

ಪ್ಯಾಕೇಜ್ ಆಗಿದ್ದರೆ ಬೇರೆ ಫ್ಲೈಟ್ ಹುಡುಕೋದು, ಇಲ್ಲಾ ಪೂರ್ತಿ ದುಡ್ಡು ಕೊಡೋದು ಮಾರಿದವರ ತಲೆನೋವು. ಮಾರಿದವರೇ ಮುಳುಗಿದರೆ ಅಟಾಲ್ ಇದೆ. ಇದು ಪ್ರವಾಸ ಕಂಪನಿ ದಿವಾಳಿಯಾದರೆ ಗ್ರಾಹಕರ ದುಡ್ಡು ಕಾಯೋಕೆ ಬ್ರಿಟನ್ನಿನಲ್ಲಿ 1973ರಿಂದ ಇರುವ ವ್ಯವಸ್ಥೆ. ಕಂಪನಿ ತಲೆಗೆ 2.50 ಪೌಂಡ್ ಆ ನಿಧಿಗೆ ಕಟ್ಟುತ್ತದೆ. ವೆಬ್‌ಸೈಟಿನಲ್ಲಿ ಲೋಗೋ ಕಂಡರೆ ಸಾಲದು. ದುಡ್ಡು ಕಟ್ಟಿದ ಕೂಡಲೇ ನಿಮ್ಮ ಹೆಸರಿನ ಅಟಾಲ್ ಸರ್ಟಿಫಿಕೇಟ್ ಬರಬೇಕು.

ರೆಡಿಂಗ್‌ನಿಂದ: ಬಿಡಿಯಾಗಿ ಮಾಡೋದೇ ಆದರೆ ಡೆಬಿಟ್ ಬೇಡ, ಕ್ರೆಡಿಟ್ ಕಾರ್ಡ್ ಬಳಸಿ. 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ 100 ಪೌಂಡಿಗಿಂತ ಜಾಸ್ತಿ, 30,000ದವರೆಗಿನ ಖರೀದಿಗೆ ಕಾರ್ಡ್ ಕಂಪನಿಯೂ ಹೊಣೆ. ಬರೀ ಡೆಪಾಸಿಟ್ ಕಾರ್ಡಿನಲ್ಲಿ ಕಟ್ಟಿದ್ದರೂ ಪೂರ್ತಿ ಬೆಲೆಗೆ ಅನ್ವಯಿಸುತ್ತದೆ. ಆದರೆ ನಾನು ಎಡವಿದ್ದು ಇಲ್ಲೇ: ದುಡ್ಡು ಕಟ್ಟಿದ್ದು ನಡುವಿನ ಒಂದು ವೆಬ್‌ಸೈಟಿಗೆ. 'ನೀವು ಹೋಟೆಲಿಗೆ ಕಟ್ಟಿಯೇ ಇಲ್ಲವಲ್ಲ' ಅಂತ ಬ್ಯಾಂಕಿನವರು ಕೈ ಎತ್ತಿದರು. ನೇರವಾಗಿ ಕಟ್ಟಿ.

ಮ್ಯಾಂಚೆಸ್ಟರ್‌ನಿಂದ: 2019ರ ಸೆಪ್ಟೆಂಬರ್ 23ಕ್ಕೆ ಇಲ್ಲಿನ ಪ್ರವಾಸ ಕಂಪನಿ ಥಾಮಸ್ ಕುಕ್ ಮುಚ್ಚಿದಾಗ ಬ್ರಿಟನ್ನಿನ ವಿಮಾನಯಾನ ಪ್ರಾಧಿಕಾರ ಸುಮಾರು ಒಂದೂವರೆ ಲಕ್ಷ ಜನರನ್ನು ವಾಪಸ್ ಕರೆತಂದಿತ್ತು. (ಅವತ್ತು ಅಪ್ಪ ಬೆಂಗಳೂರಿಂದ ಗಾಬರಿಯಲ್ಲಿ ಫೋನ್ ಮಾಡಿದ್ದರು. ಇಂಡಿಯಾದ ಥಾಮಸ್ ಕುಕ್ ಬೇರೆ ಕಂಪನಿ ಅಂತ ತಿಳಿಸಿ ಹೇಳೋಕೆ ಅರ್ಧ ಗಂಟೆ ಹಿಡಿಯಿತು.) ಊರಿಗೆ ಹೋಗೋ ಟಿಕೆಟ್ಟಿಗೂ ಇದು ನೆನಪಿರಲಿ: ಏರ್‌ಲೈನ್‌ನಲ್ಲೇ ನೇರವಾಗಿ ಕೊಂಡ ಬರೀ ಟಿಕೆಟ್ಟಿಗೆ ಅಟಾಲ್ ಇಲ್ಲ. ಇನ್ಶೂರೆನ್ಸ್ ತಗೊಳ್ಳುವಾಗ 'ಏರ್‌ಲೈನ್ ದಿವಾಳಿ' ಸೇರಿದೆಯಾ ಅಂತ ಓದಿ ನೋಡಿ. ಎಲ್ಲ ಪಾಲಿಸಿಯಲ್ಲೂ ಇರಲ್ಲ.

ಸ್ಲೌನಿಂದ: ಒಂದು ಮಾತು ಯಾರೂ ಹೇಳಲಿಲ್ಲ. ನಿಮ್ಮದು ಇಂಡಿಯನ್ ಪಾಸ್‌ಪೋರ್ಟಾ? ಹಾಗಿದ್ದರೆ ಟೆನೆರಿಫ್‌ಗೆ ಷೆಂಗೆನ್ ವೀಸಾ (ಸ್ಪೇನ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಬೇಕು, ಅದು ಸಿಗಲಿಲ್ಲ ಅಂದರೆ ಅಟಾಲ್ ಒಂದು ಪೈಸೆ ಕೊಡಲ್ಲ. ಅದು ಕಂಪನಿ ಮುಳುಗಿದರೆ ಮಾತ್ರ. ನಾವು ಫ್ರೀ ಕ್ಯಾನ್ಸಲೇಷನ್ ಇರುವ ಹೋಟೆಲ್ ಹಿಡಿದು, ವೀಸಾ ಕೈಗೆ ಬಂದ ಮೇಲೆ ಅದನ್ನು ಬಿಟ್ಟು ಪ್ಯಾಕೇಜ್ ತಗೊಂಡೆವು. 90 ಪೌಂಡ್ ಜಾಸ್ತಿ ಆಯ್ತು, ಇರಲಿ.