ಚಳಿಗೆ ಮುನಿದ ಗ್ಯಾಸ್ ಟ್ಯಾಂಕ್: ಮೇಡಂ ಹತ್ರ ಕೇಳಿ

ದೀಪಾ, ಮಡಿಕೇರಿ: ಮೇಡಂ, ಹೋಂಸ್ಟೇ ಅಂಗಳದಲ್ಲಿ ಮಿಕ್ಕ ಊಟದಿಂದ ಅಡುಗೆ ಗ್ಯಾಸ್ (ಬಯೋಗ್ಯಾಸ್) ಮಾಡುವ 2,000 ಲೀಟರ್ ಪ್ಲಾಸ್ಟಿಕ್ ಟ್ಯಾಂಕ್ ಇಟ್ಟಿದ್ದೇವೆ. ಚಳಿ ಶುರುವಾದ ಮೇಲೆ ಗ್ಯಾಸ್ ಕಡಿಮೆ ಆಯ್ತು. ಹೊಸ ವರ್ಷಕ್ಕೆ ಗೆಸ್ಟ್ ಜಾಸ್ತಿ ಇದ್ರು, ಮಿಕ್ಕ ಅನ್ನ, ಸಾರು ಎಲ್ಲ ಅದಕ್ಕೇ ಸುರಿದೆವು. ಈಗ ಗ್ಯಾಸ್ ತುಂಬುವ ಮೇಲಿನ ಡ್ರಮ್ ಮೇಲೆದ್ದಿದೆ, ಆದರೆ ಒಲೆ ಹತ್ತುತ್ತಿಲ್ಲ. ಹುಳಿ ವಾಸನೆ ಬೇರೆ.

ಮೇಡಂ: ಡ್ರಮ್ ಎದ್ದಿದೆ, ಉರಿ ಹತ್ತಲ್ಲ ಅಂದ್ರಲ್ಲ, ಅದೇ ಚಿಂತೆ. ಒಳಗಿರುವುದು ಹೆಚ್ಚಿನಂಶ ಕಾರ್ಬನ್ ಡೈಆಕ್ಸೈಡ್, ಅದು ಉರಿಯಲ್ಲ. ಟ್ಯಾಂಕಿನಲ್ಲಿ ಎರಡು ಬಗೆಯ ಸೂಕ್ಷ್ಮಜೀವಿಗಳಿವೆ. ಒಂದು ಅನ್ನವನ್ನು ಹುಳಿ ಮಾಡುತ್ತದೆ, ಇನ್ನೊಂದು ಆ ಹುಳಿ ತಿಂದು ಮೀಥೇನ್, ಅಂದರೆ ಉರಿಯುವ ಗ್ಯಾಸ್, ಕೊಡುತ್ತದೆ. ಎರಡನೆಯದಕ್ಕೆ 35 ಡಿಗ್ರಿ ಆಸುಪಾಸು ಇಷ್ಟ. 15ಕ್ಕೆ ಇಳಿದರೆ ಕೆಲಸ ತೀರಾ ನಿಧಾನ. ಹುಳಿ ಮಾಡುವವು ಚಳಿಯನ್ನು ಅದಕ್ಕಿಂತ ಚೆನ್ನಾಗಿ ತಡೆಯುತ್ತವೆ. ನೀವು ಅನ್ನ ಹಾಕುತ್ತಲೇ ಹೋದಿರಿ, ಹುಳಿ ತಿನ್ನುವವರು ಇರಲಿಲ್ಲ. ಹುಳಿ ಹೆಚ್ಚಾದರೆ ಮೀಥೇನ್ ಕೊಡುವವು ಕೆಲಸ ಮಾಡಲ್ಲ, ಅದಕ್ಕೇ ಬಿಸಿಲು ಬಂದರೂ ತಾನಾಗಿ ಸರಿಹೋಗುತ್ತಿಲ್ಲ. ನೆಲದ ಮೇಲಿನ ಸಣ್ಣ ಟ್ಯಾಂಕ್ ಹಗಲು ಕಾಯುತ್ತದೆ, ರಾತ್ರಿ ತಣ್ಣಗಾಗುತ್ತದೆ. ಈ ಏರಿಳಿತ ಅವಕ್ಕೆ ಆಗಿಬರಲ್ಲ. ಇವತ್ತಿಂದ ಏನೂ ಹಾಕಬೇಡಿ. ಹುಳಿ ಎಷ್ಟಿದೆ ಅಂತ ಪಿಎಚ್ ಪಟ್ಟಿಯಲ್ಲಿ ನೋಡಿ ಹೇಳಿ, 7ಕ್ಕಿಂತ ಕೆಳಗಿದ್ದರೆ ಹುಳಿ.

ಮಂಜುನಾಥ, ಹಾಸನ: ಗ್ರೂಪಲ್ಲಿ ಬಂದಿದ್ದು: ‘ಅರ್ಧ ಕೆಜಿ ಬೆಲ್ಲ, ಒಂದು ಪ್ಯಾಕೆಟ್ ಯೀಸ್ಟ್, ಒಂದು ಬಿಂದಿಗೆ ಕುದಿಯುವ ನೀರು ಹಾಕಿ, ಮಾರನೇ ದಿನ ಗ್ಯಾಸ್.’ ಹಾಕಬಹುದಾ?

ಮೇಡಂ: ಬೇಡ. ಬೆಲ್ಲ ಇನ್ನಷ್ಟು ಹುಳಿ ಮಾಡುತ್ತದೆ. ಯೀಸ್ಟ್ ಮೀಥೇನ್ ಕೊಡಲ್ಲ. ಕುದಿಯುವ ನೀರು ಬಿದ್ದ ಕಡೆ ಇರುವುದೂ ಸಾಯುತ್ತದೆ. ಟ್ಯಾಂಕಿನ ಬಿಸಿಯನ್ನು ದಿನಕ್ಕೆ ಒಂದೆರಡು ಡಿಗ್ರಿಗಿಂತ ಹೆಚ್ಚು ಏರಿಸಬೇಡಿ.

ಲತಾ, ಚಿಕ್ಕಮಗಳೂರು: ಚಳಿಯಲ್ಲಿ ಗ್ಯಾಸ್ ಯಾಕೆ ಕಡಿಮೆ ಮೇಡಂ?

ಮೇಡಂ: ಮೇಲೆ ಬರೆದಿದ್ದೇನೆ, ಓದಿ.

ಶಿವಣ್ಣ, ಸಾಗರ: ಪ್ಲಾಸ್ಟಿಕ್ ಟ್ಯಾಂಕೇ ತಪ್ಪು. ದೀನಬಂಧು ಮಾದರಿಯ ಗೋಬರ್ ಗ್ಯಾಸ್ ಗುಂಡಿ ಥರ ನೆಲದೊಳಗೆ ಕಟ್ಟಿಸಬೇಕಿತ್ತು. ಮಣ್ಣು ಬೆಚ್ಚಗಿಡುತ್ತೆ.

ರಫೀಕ್, ಬೆಂಗಳೂರು: ನಮ್ಮ ಟೆರೇಸಲ್ಲಿ ಎಲ್ಲಿ ನೆಲ ಅಗೀಲಿ ಅಣ್ಣಾ?

ಶಿವಣ್ಣ: ಹಾಗಾದ್ರೆ ಗ್ಯಾಸ್ ಬಿಟ್ಟು ಕಾಂಪೋಸ್ಟ್ ಮಾಡ್ಕೊಳ್ಳಿ.

ರಫೀಕ್: ಸಲಹೆ ಕೇಳಿದ್ದು ಮೇಡಂನ, ನಿಮ್ಮನ್ನಲ್ಲ.

ಶಿವಣ್ಣ: ಹಸು ಕಟ್ಟಿದವರ ಮಾತು ನಿಮಗೆ ಬೇಡ ಬಿಡಿ.

ಗೀತಾ, ಮೈಸೂರು: ಸಬ್ಸಿಡಿ ಸಿಗುತ್ತಾ?

ಮಂಜುನಾಥ: ಟ್ಯಾಂಕ್ ಕೆಳಗೆ ಸಣ್ಣ ಬೆಂಕಿ ಹಾಕಿದ್ರೆ? ವಿಡಿಯೋದಲ್ಲಿ ಹಾಕಿದ್ದಾರೆ.

ಮೇಡಂ: ಮಂಜುನಾಥ್, ಆ ವಿಡಿಯೋ ಡಿಲೀಟ್ ಮಾಡಿ. ಗಾಳಿಯಲ್ಲಿ ಮೀಥೇನ್ 5ರಿಂದ 15 ಶೇಕಡಾ ಸೇರಿದರೆ ಒಂದು ಕಿಡಿ ಸಾಕು, ಸಿಡಿಯುತ್ತೆ. ಇನ್ನೊಮ್ಮೆ ಇಂಥದ್ದು ಹಾಕಿದ್ರೆ ನಾನು ಇಲ್ಲಿ ಉತ್ತರ ಕೊಡಲ್ಲ.

ರಫೀಕ್: ದೊಡ್ಡ ಪ್ಲಾಂಟಲ್ಲಿ 55 ಡಿಗ್ರಿಗೆ ಇಡ್ತಾರಂತಲ್ಲ?

ಮೇಡಂ: ಅಲ್ಲಿ ಹೀಟರ್ ಇರುತ್ತೆ, ಜೀವಿಗಳೂ ಬೇರೆ. ಮನೆಗಲ್ಲ.

ಲತಾ: ನಮ್ದೂ ಕಡಿಮೆ ಬರ್ತಿದೆ, ಏನು ಹಾಕ್ಲಿ?

ಮೇಡಂ: ಹಾಕುವುದನ್ನು ಅರ್ಧ ಮಾಡಿ.

ದೀಪಾ: ಮೇಡಂ, ಪಟ್ಟಿ 6 ತೋರಿಸ್ತಿದೆ. ಇವರು ನಿನ್ನೆ ಗೊತ್ತಿಲ್ಲದೆ ಅರ್ಧ ಬಕೆಟ್ ಹಾಕಿಬಿಟ್ಟಿದ್ದಾರೆ.

ಮೇಡಂ: ಅವರಿಗೆ ಈ ಮೆಸೇಜ್ ತೋರಿಸಿ. ಇನ್ನು ಒಂದು ತುತ್ತೂ ಬೇಡ. ಪಕ್ಕದಲ್ಲಿ ಚೆನ್ನಾಗಿ ಉರಿಯುವ ಗೋಬರ್ ಗ್ಯಾಸ್ ಇದ್ದರೆ ಅಲ್ಲಿಂದ ನಾಲ್ಕೈದು ಬಕೆಟ್ ಬಗ್ಗಡ ತಂದು ಹಾಕಿ. ಸುಣ್ಣದ ನೀರು ದಿನಕ್ಕೆ ಸ್ವಲ್ಪ ಸ್ವಲ್ಪವೇ, ಪಿಎಚ್ 7 ಹತ್ತಿರ ಬಂದ ಕೂಡಲೇ ನಿಲ್ಲಿಸಿ. ಟ್ಯಾಂಕ್ ಸುತ್ತ ಒಣಹುಲ್ಲು ಕಟ್ಟಿ, ಮೇಲೆ ಕಪ್ಪು ಟಾರ್ಪಾಲ್ ಹೊದಿಸಿ. ಈಗ ತುಂಬಿರುವ ಗ್ಯಾಸನ್ನು ಬಯಲಲ್ಲಿ ಬಿಡಿ, ಹತ್ತಿರ ಬೆಂಕಿ ಇರಬಾರದು. ಉರಿ ನೀಲಿಯಾಗಿ ನಿಂತ ಮೇಲೆ ಮೊದಲು ಹಾಕುತ್ತಿದ್ದರ ಕಾಲು ಭಾಗದಿಂದ ಶುರು ಮಾಡಿ. ನಾಳೆ ಸಂಜೆ ಪಿಎಚ್ ಹೇಳಿ, ಮರೆಯಬೇಡಿ.