ಆಕ್ಸಿಡೆಂಟ್ ಆಗಿ ಐದು ತಿಂಗಳು, ಇನ್ನೂ ರಾತ್ರಿ ನಿದ್ದೆ ಇಲ್ಲ

ಪ್ರಶ್ನೆ (ಮುಳಬಾಗಿಲು ತಾಲ್ಲೂಕಿನ ಸದಸ್ಯೆ):
ಮೇಡಂ, ನಮಸ್ಕಾರ. ನಮ್ಮ ಯಜಮಾನರು ಕೋಲಾರ ಎಪಿಎಂಸಿಯಿಂದ ಚೆನ್ನೈಗೆ ಟೊಮೆಟೊ ಲೋಡ್ ಹೊಡೆಯುತ್ತಿದ್ದರು. ಐದು ತಿಂಗಳ ಹಿಂದೆ ರಾತ್ರಿ ನಂಗಲಿ ದಾಟಿದ ಮೇಲೆ ಗಾಡಿ ಪಲ್ಟಿಯಾಯಿತು. ಜೊತೆಗಿದ್ದ ಕ್ಲೀನರ್ ಹುಡುಗ ಅಲ್ಲೇ ಹೋಗಿಬಿಟ್ಟ. ಇವರ ಕೈ ಮುರಿದಿತ್ತು, ಕೂಡಿಕೊಂಡಿದೆ. ನಿದ್ದೆ ಮಾತ್ರ ವಾಪಸ್ ಬಂದಿಲ್ಲ. ಮಂಚದ ಮೇಲೆ ಮಲಗುವುದಿಲ್ಲ. ಬಾಗಿಲ ಕಡೆ ಮುಖ ಮಾಡಿ ಕುರ್ಚಿಯಲ್ಲಿ ಕೂತಿರುತ್ತಾರೆ. ಒಂದು ಕ್ವಾರ್ಟರ್ ಹಾಕಿದರೆ ಹನ್ನೊಂದಕ್ಕೆ ಕಣ್ಣು ಮುಚ್ಚುತ್ತೆ. ಮೂರೂವರೆಗೆ ಆ ಹುಡುಗನ ಹೆಸರು ಕೂಗಿಕೊಂಡು ಏಳುತ್ತಾರೆ, ಬನಿಯನ್ ಹಿಂಡುವಷ್ಟು ಬೆವರು. ಮನೆಯಲ್ಲಿ ಟೊಮೆಟೊ ಸಾರು ಮಾಡುವುದೇ ಬಿಟ್ಟಿದ್ದೇನೆ, ವಾಸನೆ ಬಂದರೆ ಎದ್ದು ಹೊರಗೆ ಹೋಗುತ್ತಾರೆ. ಅತ್ತೆ ಗಾಳಿ ಸೋಕಿದೆ ಅಂತ ಅಂತ್ರ ಕಟ್ಟಿಸಿದರು. ನಾನು ಮೆಡಿಕಲ್ ಶಾಪಲ್ಲಿ ಕೇಳಿ ನಿದ್ದೆ ಮಾತ್ರೆ ತಂದಿದ್ದೇನೆ. ನಿದ್ದೆ ಒಂದು ಬಂದರೆ ಉಳಿದದ್ದು ತಾನೇ ಸರಿಹೋಗುತ್ತೆ ಅಲ್ವಾ?

ಉತ್ತರ (ಮನೋವೈದ್ಯೆ):
ಅಮ್ಮಾ, ಮೊದಲು ಒಂದು ಮಾತು. ಅವರು ಮದ್ಯ ಕುಡಿದ ದಿನ ಆ ಮಾತ್ರೆ ಕೊಡಲೇಬೇಡಿ. ಎರಡೂ ಸೇರಿದರೆ ಉಸಿರಿಗೇ ತೊಂದರೆ. ಹಾಗಂತ ವಾರಗಟ್ಟಲೆ ತೆಗೆದುಕೊಂಡಿದ್ದರೆ ಮಾತ್ರೆಯನ್ನಾಗಲಿ, ದಿನಾ ಕುಡಿಯುವುದನ್ನಾಗಲಿ ಒಂದೇ ಸಲಕ್ಕೆ ನಿಲ್ಲಿಸುವುದೂ ಬೇಡ, ಫಿಟ್ಸ್ ಬರಬಹುದು. ಡಾಕ್ಟರ್ ನೋಡಿಕೊಂಡು ಕಡಿಮೆ ಮಾಡಿಸಬೇಕು.

ನೀವು ಸಾರಿನ ವಿಷಯ ಬರೆದದ್ದು ಒಳ್ಳೆಯದಾಯಿತು. ಆ ರಾತ್ರಿ ರಸ್ತೆ ತುಂಬ ಟೊಮೆಟೊ ಜಜ್ಜಿಹೋಗಿತ್ತು ಅಲ್ವಾ? ಮೆದುಳಿನಲ್ಲಿ ಅಪಾಯ ಕಂಡರೆ ಗಂಟೆ ಬಾರಿಸುವ ಒಂದು ಪುಟ್ಟ ಭಾಗ ಇದೆ, ಅಮಿಗ್ಡಲಾ ಅಂತ. ಅದು ಆ ವಾಸನೆಯನ್ನೇ ಅಪಾಯ ಅಂತ ಹಿಡಿದುಕೊಂಡಿದೆ. ಅಡುಗೆಮನೆ ಯಾವುದು, ಹೈವೇ ಯಾವುದು ಅಂತ ಅದಕ್ಕೆ ಗೊತ್ತಾಗುತ್ತಿಲ್ಲ. ‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಅಂತಾರೆ. ನಿಮ್ಮ ಯಜಮಾನರ ಮೈ ಮನೆಯೊಳಗೇ ಕಾವಲು ಕಾಯುತ್ತಿದೆ. ಕಾವಲುಗಾರ ನಿದ್ದೆ ಮಾಡುವುದು ಹೇಗೆ?

ನೀವು ಬರೆದಿರುವುದೆಲ್ಲ ಪಿಟಿಎಸ್‌ಡಿ, ಅಂದರೆ ಆಘಾತದ ನಂತರದ ಒತ್ತಡದ ಕಾಯಿಲೆಯ ಲಕ್ಷಣದ ಹಾಗೆ ಕಾಣುತ್ತಿದೆ. ನೋಡದೆ ಖಚಿತವಾಗಿ ಹೇಳುವುದಿಲ್ಲ. ಇದರಲ್ಲಿ ನಿದ್ದೆ ಕೆಡುವುದು ಕಾಯಿಲೆಯ ಬಾಲವಲ್ಲ, ಕಾಯಿಲೆಗೆ ದಿನಾ ಹಾಕುವ ಮೇವು. ‘ಇಲ್ಲಿ ಭಯವಿಲ್ಲ’ ಅಂತ ಹಗಲಲ್ಲಿ ಕಲಿತದ್ದು ಗಟ್ಟಿಯಾಗುವುದು ನಿದ್ದೆಯಲ್ಲೇ. ಅದು ಮಧ್ಯದಲ್ಲೇ ಕಿತ್ತುಹೋದರೆ ನೆನಪು ಬಿಸಿ ಬಿಸಿಯಾಗೇ ಉಳಿಯುತ್ತದೆ. ಮಾರನೇ ದಿನ ಮೈ ಇನ್ನೂ ಜಾಸ್ತಿ ಬೆಚ್ಚುತ್ತದೆ. ರಾತ್ರಿ ಆ ಕನಸಿಗೆ ಹೆದರಿ ಮಲಗುವುದೇ ಬೇಡ ಅನ್ನಿಸುತ್ತದೆ.

ಮೂರೂವರೆಗೂ ಕ್ವಾರ್ಟರಿಗೂ ನಂಟಿದೆ. ಮದ್ಯ ಮೊದಲ ಅರ್ಧ ರಾತ್ರಿ ಕನಸಿನ ನಿದ್ದೆಯನ್ನು ಅದುಮಿಡುತ್ತದೆ. ಅಮಲು ಇಳಿದ ಮೇಲೆ ಅದುಮಿಟ್ಟದ್ದೆಲ್ಲ ಒಟ್ಟಿಗೇ ನುಗ್ಗುತ್ತದೆ. ಆಗ ಬರುವ ಕೆಟ್ಟ ಕನಸು ಇನ್ನೂ ಜೋರು.

ನಿಮ್ಮ ಪ್ರಶ್ನೆಗೆ ಉತ್ತರ: ನಿದ್ದೆ ಸುಧಾರಿಸಿದರೆ ಹಗಲೂ ಹಗುರಾಗುತ್ತದೆ, ಆದರೆ ಅದೊಂದೇ ಸಾಲದು. ಆಘಾತಕ್ಕೂ ಬೇರೆ ಥೆರಪಿ ಬೇಕು. ಅದು ಮುಗಿದ ಮೇಲೂ ಎಷ್ಟೋ ಜನರಿಗೆ ನಿದ್ದೆಯ ತೊಂದರೆ ಹಾಗೇ ಉಳಿಯುತ್ತದೆ. ಹಾಗಾಗಿ ಎರಡನ್ನೂ ಕೇಳಿ ಪಡೆಯಿರಿ. ಕೆಟ್ಟ ಕನಸಿಗೆ ಮಾತ್ರೆ ಇಲ್ಲದ ದಾರಿಯೂ ಇದೆ. ಹಗಲಲ್ಲಿ ಕೂತು ಆ ಕನಸಿನ ಕಥೆಯನ್ನು ಬದಲಾಯಿಸಿ ಬರೆಯುವುದು, ಆ ಹೊಸ ಕಥೆಯನ್ನು ದಿನಾ ಹತ್ತಿಪ್ಪತ್ತು ನಿಮಿಷ ಕಣ್ಣ ಮುಂದೆ ತಂದುಕೊಳ್ಳುವುದು. ಕೇಳಲು ಸಣ್ಣದು, ಆದರೆ ಇದರಿಂದ ಕನಸು ಕಡಿಮೆಯಾದವರು ಇದ್ದಾರೆ. ಮೊದಲ ಸಲ ಥೆರಪಿಸ್ಟ್ ಜೊತೆಗೇ ಮಾಡಲಿ. ಪ್ರಜೋಸಿನ್ ಎಂಬ ಬಿಪಿ ಮಾತ್ರೆಯನ್ನೂ ಕೆಲವರಿಗೆ ಕೊಡುತ್ತೇವೆ. ಅಮೆರಿಕದ ಮಾಜಿ ಸೈನಿಕರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಅದು ಬರೀ ಸಕ್ಕರೆ ಗುಳಿಗೆಗಿಂತ ಹೆಚ್ಚೇನೂ ಕೆಲಸ ಮಾಡಲಿಲ್ಲ. ಹಾಗಾಗಿ ಎಲ್ಲರಿಗೂ ಬರೆಯುವುದಿಲ್ಲ.

ಜೋರಾಗಿ ಗೊರಕೆ ಹೊಡೆಯುತ್ತಾರಾ? ನಡುವೆ ಉಸಿರು ನಿಂತ ಹಾಗಾಗುತ್ತಾ? ಹೌದಾದರೆ ಡಾಕ್ಟರಿಗೆ ಹೇಳಲು ಮರೆಯಬೇಡಿ, ಅದಕ್ಕೆ ಚಿಕಿತ್ಸೆಯೇ ಬೇರೆ.

ಪ್ರಶ್ನೆ (ಅದೇ ಸದಸ್ಯೆ):
ಗೊರಕೆ ಇಲ್ಲ ಮೇಡಂ. ಕೂಗಿದಾಗ ಭುಜ ಹಿಡಿದು ಅಲುಗಾಡಿಸುತ್ತೇನೆ. ಹೋದ ವಾರ ಕೈ ಬೀಸಿ ನನಗೇ ಹೊಡೆದರು, ಆಮೇಲೆ ಅತ್ತರು. ‘ಅವನ ಬದಲು ನಾನು ಹೋಗಬೇಕಿತ್ತು’ ಅಂತಾರೆ. ಎಲ್ಲಿಗೆ ಕರೆದುಕೊಂಡು ಹೋಗಲಿ?

ಉತ್ತರ:
ಮುಟ್ಟಬೇಡಿ ಅಮ್ಮಾ. ಅವರು ಹೊಡೆದದ್ದು ನಿಮ್ಮನ್ನಲ್ಲ, ಆಗ ಅವರು ಇನ್ನೂ ಗಾಡಿಯೊಳಗೇ ಇರುತ್ತಾರೆ. ದೂರ ನಿಂತು ಲೈಟ್ ಹಾಕಿ. ‘ಮನೆಯಲ್ಲಿದ್ದೀರಿ, ನಾನು ಇಲ್ಲೇ ಇದ್ದೀನಿ’ ಅಂತ ಮೆಲ್ಲಗೆ ಹೇಳಿ. ಕಣ್ಣು ಬಿಟ್ಟು ಗುರುತು ಹಿಡಿದ ಮೇಲೆ ನೀರು ಕೊಡಿ.

‘ನಾನು ಹೋಗಬೇಕಿತ್ತು’ ಅನ್ನುವ ಮಾತನ್ನು ಸುಮ್ನೆ ಬಿಡಬೇಡಿ. ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗಿ ಕೇಳಿ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಬರುತ್ತಿದೆ ಅಂದರೆ ಒಂಟಿಯಾಗಿ ಬಿಡಬೇಡಿ, ಆವತ್ತೇ ಆಸ್ಪತ್ರೆಗೆ ಕರೆತನ್ನಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416. ಹಗಲು ರಾತ್ರಿ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅಂಥ ಯೋಚನೆ ಇಲ್ಲ ಅಂದರೂ ಈ ವಾರವೇ ಕೋಲಾರದ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ. ಬೇಕಾದರೆ ಅವರೇ ಬೆಂಗಳೂರಿನ ನಿಮ್ಹಾನ್ಸ್‌ಗೆ ಬರೆದುಕೊಡುತ್ತಾರೆ. ಅತ್ತೆ ಕಟ್ಟಿಸಿದ ಅಂತ್ರ ಇರಲಿ, ಅದನ್ನು ಬಿಚ್ಚಿಸಲು ಜಗಳ ಬೇಡ.

ಪ್ರಶ್ನೆ (ಮಾಲೂರಿನ ಸದಸ್ಯ):
ನನ್ನ ತಮ್ಮನ ಬೈಕ್ ಆಕ್ಸಿಡೆಂಟ್ ಆಗಿ ಹನ್ನೆರಡು ದಿನ. ಅವನಿಗೂ ನಿದ್ದೆ ಇಲ್ಲ. ಇದೇ ಕಾಯಿಲೆನಾ?

ಉತ್ತರ:
ಈಗಲೇ ಹಾಗೆ ಹೇಳಲಾಗದು. ಮೊದಲ ಕೆಲವು ವಾರ ಹೀಗಾಗುವುದು ಸಹಜ, ಹೆಚ್ಚಿನವರಿಗೆ ತಾನಾಗೇ ಇಳಿಯುತ್ತದೆ. ಒಂದು ತಿಂಗಳು ದಾಟಿದರೂ ಇದ್ದರೆ ತೋರಿಸಿ. ತಲೆಗೆ ಪೆಟ್ಟು ಬಿದ್ದಿದ್ದರೆ ತಿಂಗಳು ಕಾಯಬೇಡಿ, ನಾಳೆಯೇ ಹೋಗಿ.