ಹಿಂಚಕ್ರ ಚಾಲನೆಯ ಕಾರು ಹಿಮದ ರಸ್ತೆಗೆ ಆಗುವುದಿಲ್ಲವೇ?

ತಿರುಗುದಾರಿ:
ಮುಂಚಕ್ರಗಳಿಂದ ಓಡುವ ಸಣ್ಣ ಕಾರನ್ನು ಒಂಬತ್ತು ವರ್ಷ ಓಡಿಸಿದ ಮೇಲೆ, ಈ ಬೇಸಿಗೆಯಲ್ಲಿ ಹಿಂಚಕ್ರಗಳಿಂದ ಓಡುವ ಹಳೆಯ ಸೆಡಾನ್ ಒಂದನ್ನು ಕೊಂಡೆ. ಒಣ ರಸ್ತೆಯಲ್ಲಿ ಅದರ ಓಟಕ್ಕೆ ಮನಸೋತಿದ್ದೇನೆ. ಆದರೆ ಕಳೆದ ವಾರ ಮೊದಲ ಹಿಮ ಬಿದ್ದ ಸಂಜೆ, ಸಿಗ್ನಲ್ ಹಸಿರಾದೊಡನೆ ಎಡಕ್ಕೆ ತಿರುಗಿಸುತ್ತ ಆಕ್ಸಿಲರೇಟರನ್ನು ಎಂದಿನಂತೆಯೇ ಒತ್ತಿದೆ. ಮೀಟರುಗಳ ನಡುವೆ ಹಳದಿ ದೀಪವೊಂದು ಮಿನುಗಿತು, ಕಾರಿನ ಹಿಂಭಾಗ ಬಲಕ್ಕೆ ಬೀಸಿತು, ಮರುಕ್ಷಣ ರಸ್ತೆಗೆ ಅಡ್ಡಲಾಗಿ ನಿಂತಿದ್ದೆ. ವೇಗ ಗಂಟೆಗೆ 15 ಕಿ.ಮೀ. ದಾಟಿರಲಿಲ್ಲ. ಯಾರಿಗೂ ಏನೂ ಆಗಲಿಲ್ಲ, ಆದರೆ ಹಿಂದಿನ ಸೀಟಿನಲ್ಲಿ ಮಗಳಿದ್ದಳು. ಚಳಿಗಾಲಕ್ಕೆ ಈ ಕಾರು ಆಗದು, ಮಾರಿಬಿಡಿ ಎಂದು ಸಹೋದ್ಯೋಗಿಗಳು ಹೇಳುತ್ತಿದ್ದಾರೆ. ಟೈರುಗಳು ಎಲ್ಲ ಋತುಗಳಿಗೂ ಆಗುವಂಥವು ಎಂದು ಮಾರಿದವರು ತಿಳಿಸಿದ್ದರು. ಬಲ್ಲವರು ದಯವಿಟ್ಟು ಹೇಳಿ.

ಇಪ್ಪತ್ತು ಚಳಿಗಾಲ:
ಮಾರಬೇಡಿ. ಇಪ್ಪತ್ತು ಚಳಿಗಾಲಗಳನ್ನು ಇಂಥ ಕಾರುಗಳಲ್ಲೇ ಕಳೆದಿದ್ದೇನೆ. ಸ್ವೀಡನ್ನಿನ ವೋಲ್ವೋ ಕಂಪನಿಯ 240 ಮಾದರಿ 1974ರಿಂದ 1993ರವರೆಗೆ ತಯಾರಾಯಿತು. ಅದೂ ಹಿಂಚಕ್ರ ಚಾಲನೆಯದೇ, ಮತ್ತು ಅದು ಓಡಿದ್ದು ತಿಂಗಳುಗಟ್ಟಲೆ ಹಿಮ ಕರಗದ ರಸ್ತೆಗಳಲ್ಲಿ. ನಿಮ್ಮ ತೊಂದರೆ ಇದ್ದದ್ದು ಬಲಗಾಲಿನಲ್ಲಿ ಮತ್ತು ಟೈರಿನಲ್ಲಿ. ಸಿಗ್ನಲ್ ಇರುವ ಜಾಗದಲ್ಲಿ ನೂರಾರು ವಾಹನಗಳು ಬ್ರೇಕ್ ಹಾಕಿ, ಚಕ್ರ ಗಿರಗಿರನೆ ತಿರುಗಿಸಿ ಹೊರಡುವುದರಿಂದ ಹಿಮವು ಗಾಜಿನಂತೆ ನುಣುಪಾಗಿಬಿಡುತ್ತದೆ. ನೂರು ಮೀಟರ್ ಹಿಂದೆ ಸಿಕ್ಕ ಹಿಡಿತ ಅಲ್ಲಿ ಸಿಗುವುದಿಲ್ಲ. ಮೊದಲು ನೇರವಾಗಿ ಹೊರಡಿ, ಆಮೇಲೆ ತಿರುಗಿ, ಸ್ಟಿಯರಿಂಗ್ ನೇರವಾದ ಮೇಲೆಯೇ ವೇಗ ಹೆಚ್ಚಿಸಿ. ಗೇರು ಕೈಯಲ್ಲಿ ಬದಲಿಸುವ ಕಾರಾದರೆ ಎರಡನೆಯ ಗೇರಿನಲ್ಲಿ ಹೊರಡಿ. ಹಿಂಭಾಗ ಜಾರಿದರೆ ಬ್ರೇಕ್ ಮುಟ್ಟದೆ ಆಕ್ಸಿಲರೇಟರನ್ನು ಮೆಲ್ಲಗೆ ಸಡಿಲಿಸಿ, ಹಿಂಭಾಗ ಯಾವ ಕಡೆಗೆ ಹೋಗುತ್ತಿದೆಯೋ ಆ ಕಡೆಗೇ ಸ್ಟಿಯರಿಂಗ್ ತಿರುಗಿಸಿ. ಕಣ್ಣು ಮಾತ್ರ ನೀವು ಹೋಗಬೇಕಾದ ದಾರಿಯ ಮೇಲಿರಲಿ.

ನಿಧಾನಗತಿ:
ಮೇಲಿನವರ ಅನುಭವದ ಬಗ್ಗೆ ನನಗೆ ಗೌರವವಿದೆ, ಆದರೆ ಉದಾಹರಣೆ ಅರ್ಧ ಮಾತ್ರ. ಅದೇ ಸ್ವೀಡನ್ನಿನ ಸಾಬ್ ಕಂಪನಿ ತನ್ನ ಮೊದಲ ಕಾರಿನಿಂದಲೇ ಮುಂಚಕ್ರ ಚಾಲನೆಯನ್ನು ಆರಿಸಿಕೊಂಡಿತ್ತು. 1990ರ ದಶಕ ಮುಗಿಯುವ ಹೊತ್ತಿಗೆ ವೋಲ್ವೋ ಕೂಡ ಹಿಂಚಕ್ರ ಚಾಲನೆಯನ್ನು ಕೈಬಿಟ್ಟಿತು. ಮುಂಚಕ್ರ ಚಾಲನೆಯ ಕಾರಿನಲ್ಲಿ ತೂಕದ ಸುಮಾರು 60 ಶೇಕಡಾ ಎಳೆಯುವ ಚಕ್ರಗಳ ಮೇಲೆಯೇ ಕೂತಿರುತ್ತದೆ. ಅದಕ್ಕಿಂತ ದೊಡ್ಡ ಮಾತೆಂದರೆ, ಹೆದರಿದ ಮನುಷ್ಯ ಸಹಜವಾಗಿ ಏನು ಮಾಡುತ್ತಾನೆ ಎಂಬುದು. ಅತಿಯಾಗಿ ಒತ್ತಿದಾಗ ಮುಂಚಕ್ರ ಚಾಲನೆಯ ಕಾರು ತಿರುಗದೆ ನೇರಕ್ಕೆ ಸರಿಯುತ್ತದೆ, ಕಾಲು ತೆಗೆದರೆ ಹೆಚ್ಚಿನ ವೇಳೆ ಮೂತಿ ಮತ್ತೆ ದಾರಿಗೆ ಬರುತ್ತದೆ. ಅಂದರೆ ಹೆದರಿಕೆಯೇ ಸರಿಯಾದ ಕೆಲಸ ಮಾಡಿಸುತ್ತದೆ. ಹಿಂಚಕ್ರ ಚಾಲನೆಯ ಕಾರು ಜಾರಿದಾಗ ಹೆದರಿದವನು ಬ್ರೇಕ್ ತುಳಿದರೆ, ಅಥವಾ ಸ್ಟಿಯರಿಂಗನ್ನು ತಡವಾಗಿ ತಿರುಗಿಸಿ ತಡವಾಗಿ ಬಿಟ್ಟರೆ, ಕಾರು ಇನ್ನೊಂದು ಕಡೆಗೆ ಗಿರಕಿ ಹೊಡೆಯುತ್ತದೆ. ದಣಿದು ಮನೆಗೆ ಮರಳುವ ರಾತ್ರಿ ಹತ್ತು ಗಂಟೆಗೆ ಆ ಕೈಚಳಕ ಎಷ್ಟು ಜನರಲ್ಲಿ ಉಳಿದಿರುತ್ತದೆ?

ಘರ್ಷಣೆ:
ಇಬ್ಬರ ಮಾತಿನಲ್ಲೂ ಸತ್ಯವಿದೆ. ಆದರೆ ಯಾವುದಕ್ಕೆ ಎಷ್ಟು ತೂಕ ಕೊಡಬೇಕು ಎಂಬುದನ್ನು ಲೆಕ್ಕ ಹಾಕಿ ನೋಡೋಣ. ಟೈರು ಮತ್ತು ರಸ್ತೆಯ ನಡುವಿನ ಘರ್ಷಣೆಯ ಗುಣಾಂಕ, ಅಂದರೆ ಹಿಡಿತದ ಅಳತೆ, ಒಣ ಡಾಂಬರಿನ ಮೇಲೆ ಸುಮಾರು 0.8, ಗಟ್ಟಿಯಾಗಿ ತುಳಿದ ಹಿಮದ ಮೇಲೆ ಸುಮಾರು 0.25, ಮಂಜುಗಡ್ಡೆಯ ಮೇಲೆ ಸುಮಾರು 0.1. ಗಂಟೆಗೆ 50 ಕಿ.ಮೀ. ವೇಗದಲ್ಲಿರುವ ಕಾರು ಬ್ರೇಕ್ ಹಿಡಿದ ಕ್ಷಣದಿಂದ ನಿಲ್ಲಲು ಒಣ ರಸ್ತೆಯಲ್ಲಿ 12 ಮೀಟರ್, ಹಿಮದಲ್ಲಿ 40 ಮೀಟರ್, ಮಂಜುಗಡ್ಡೆಯಲ್ಲಿ 100 ಮೀಟರ್ ಹತ್ತಿರ ಬೇಕು. ಬ್ರೇಕ್ ನಾಲ್ಕೂ ಚಕ್ರಗಳಿಗೆ ಬೀಳುವುದರಿಂದ, ಎಂಜಿನ್ನಿನ ಶಕ್ತಿ ಯಾವ ಚಕ್ರಕ್ಕೆ ಹರಿಯುತ್ತದೆ ಎಂಬುದು ಈ ಲೆಕ್ಕದೊಳಗೆ ಬರುವುದೇ ಇಲ್ಲ. ಏರುದಾರಿಯನ್ನು ತೆಗೆದುಕೊಳ್ಳಿ: ಅರ್ಧ ತೂಕ ಹಿಂಚಕ್ರಗಳ ಮೇಲಿರುವ ಕಾರು ಬರಿಯ ಮಂಜುಗಡ್ಡೆಯಲ್ಲಿ 100 ಮೀಟರಿಗೆ ಸುಮಾರು 5 ಮೀಟರ್ ಏರುವ ದಾರಿಯನ್ನಷ್ಟೇ ಹತ್ತಬಲ್ಲದು, 60 ಶೇಕಡಾ ತೂಕ ಮುಂದಿರುವ ಕಾರು ಸುಮಾರು 6 ಮೀಟರ್. ವ್ಯತ್ಯಾಸ ಇದೆ, ಆದರೆ ಟೈರು ಬದಲಿಸಿದಾಗ ಆಗುವ ವ್ಯತ್ಯಾಸದ ಮುಂದೆ ಇದು ಸಣ್ಣದು. ಬೇಸಿಗೆಯ ಟೈರಿನ ರಬ್ಬರು 7 ಡಿಗ್ರಿಗಿಂತ ಕೆಳಗೆ ಬಿರುಸಾಗತೊಡಗುತ್ತದೆ. ಚಳಿಗಾಲದ ಟೈರು ಮೃದುವಾಗಿಯೇ ಉಳಿದು, ಅದರ ಮೈಮೇಲಿನ ಸಣ್ಣ ಸೀಳುಗಳು ಹಿಮವನ್ನು ಕಚ್ಚಿ ಹಿಡಿಯುತ್ತವೆ.

ತಿರುಗುದಾರಿಯವರೇ, ನಿಮ್ಮ ಟೈರಿನ ಪಕ್ಕೆಯನ್ನು ನೋಡಿ. ಮೂರು ಶಿಖರಗಳ ಬೆಟ್ಟದೊಳಗೆ ಹಿಮದ ಹರಳಿನ ಗುರುತು ಇದ್ದರೆ ಮಾತ್ರ ಅದು ಹಿಮದ ಮೇಲಿನ ಪರೀಕ್ಷೆಯಲ್ಲಿ ತೇರ್ಗಡೆಯಾದ ಟೈರು. ‘ಎಂ ಪ್ಲಸ್ ಎಸ್’ (ಇಂಗ್ಲಿಷಿನಲ್ಲಿ ಕೆಸರು ಮತ್ತು ಹಿಮ ಎಂಬುದರ ಮೊದಲಕ್ಷರಗಳು) ಎಂದಷ್ಟೇ ಬರೆದಿದ್ದರೆ ಅದಕ್ಕೆ ಅಂಥ ಪರೀಕ್ಷೆಯ ಆಧಾರವಿಲ್ಲ. ಟ್ರೆಡ್‌ನ, ಅಂದರೆ ಟೈರಿನ ಮೈಮೇಲಿನ ಕಾಲುವೆಗಳ, ಆಳವನ್ನೂ ಅಳೆಯಿರಿ. ಹಿಮಕ್ಕೆ 4 ಮಿ.ಮೀ.ಗಿಂತ ಕಡಿಮೆ ಇದ್ದರೆ ನಂಬಬಾರದು.

ಇಪ್ಪತ್ತು ಚಳಿಗಾಲ:
ಡಿಕ್ಕಿಯಲ್ಲಿ ಎರಡು ಮರಳಿನ ಮೂಟೆ ಇಡುವ ಹಳೆಯ ಉಪಾಯವನ್ನೂ ಸೇರಿಸುತ್ತೇನೆ. ಸಿಕ್ಕಿಕೊಂಡಾಗ ಅದೇ ಮರಳನ್ನು ಚಕ್ರದ ಕೆಳಗೆ ಎರಚಬಹುದು.

ಘರ್ಷಣೆ:
ಎರಚುವುದಕ್ಕೆ ಮರಳು ಒಳ್ಳೆಯದು. ತೂಕಕ್ಕಾಗಿ ಇಡುವುದಾದರೆ ಹಿಂದಿನ ಅಚ್ಚಿನ ನೇರಕ್ಕೇ ಇಟ್ಟು ಬಿಗಿಯಾಗಿ ಕಟ್ಟಬೇಕು. ಡಿಕ್ಕಿಯ ಕೊನೆಯಲ್ಲಿಟ್ಟ ಭಾರ ಲೋಲಕದಂತೆ ವರ್ತಿಸಿ, ಒಮ್ಮೆ ಜಾರಿದ ಹಿಂಭಾಗವನ್ನು ಇನ್ನಷ್ಟು ಬೀಸುತ್ತದೆ. ಕಟ್ಟದ ಮೂಟೆ ಅಪಘಾತದಲ್ಲಿ ಮುಂದಕ್ಕೆ ನುಗ್ಗುತ್ತದೆ.

ನಿಧಾನಗತಿ:
ಟೈರಿನ ಮಾತನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಒಳ್ಳೆಯ ಟೈರು ಹಾಕಿದ ಮುಂಚಕ್ರ ಚಾಲನೆಯ ಕಾರಿಗೂ ಅಷ್ಟೇ ಒಳ್ಳೆಯ ಟೈರು ಹಾಕಿದ ಹಿಂಚಕ್ರ ಚಾಲನೆಯ ಕಾರಿಗೂ ಹೋಲಿಸಿದರೆ ನನ್ನ ವಾದ ಹಾಗೆಯೇ ನಿಲ್ಲುತ್ತದೆ. ಒಂದು ಎಚ್ಚರಿಕೆ: ಖರ್ಚು ಉಳಿಸಲು ಎರಡೇ ಟೈರು ಬದಲಿಸಬೇಡಿ. ಹಿಂದೆ ಮಾತ್ರ ಹಾಕಿದರೆ ಕಾರು ಚೆನ್ನಾಗಿ ಹೊರಡುತ್ತದೆ, ಆದರೆ ತಿರುವಿನಲ್ಲಿ ಮುಂಚಕ್ರಗಳು ನಿಮ್ಮ ಮಾತು ಕೇಳುವುದಿಲ್ಲ.

ಬ್ಯಾಟರಿಬಂಡಿ:
ನನ್ನ ವಿದ್ಯುತ್ ಕಾರಿನಲ್ಲಿ ಮೋಟಾರು ಹಿಂದಿದೆ. ಮೋಟಾರಿನ ಶಕ್ತಿಯನ್ನು ಕ್ಷಣಾರ್ಧದಲ್ಲಿ ತಗ್ಗಿಸಬಹುದಾದ್ದರಿಂದ ಹೊರಡುವಾಗ ಚಕ್ರ ಸುಮ್ಮನೆ ತಿರುಗುವುದು ಬಹಳ ಕಡಿಮೆ. ಆದರೆ ಕಾಲು ತೆಗೆದೊಡನೆ ಬ್ಯಾಟರಿಗೆ ಶಕ್ತಿ ಮರಳಿಸುವ ಬ್ರೇಕು ಹಿಂಚಕ್ರಗಳಿಗೆ ಮಾತ್ರ ಬೀಳುತ್ತದೆ. ಇಳಿಜಾರಿನ ತಿರುವೊಂದರಲ್ಲಿ ಸೀಟಿನ ಬುಡ ಪಕ್ಕಕ್ಕೆ ಸರಿದಂತಾದಾಗಲೇ ನನಗೆ ಅದು ಅರ್ಥವಾದದ್ದು. ಹಿಮ ಬಿದ್ದ ದಿನ ಆ ಬ್ರೇಕನ್ನು ಅತಿ ಕಡಿಮೆಗೆ ಇಳಿಸಿಕೊಳ್ಳುತ್ತೇನೆ.

ಇಪ್ಪತ್ತು ಚಳಿಗಾಲ:
ಪೆಟ್ರೋಲ್ ಕಾರಿನಲ್ಲಿಯೂ ಇದೇ ಅಪಾಯವಿದೆ. ಮಂಜುಗಡ್ಡೆಯ ಮೇಲೆ ಗೇರನ್ನು ಥಟ್ಟನೆ ಕೆಳಗಿಳಿಸಿ ಕ್ಲಚ್ ಬಿಟ್ಟರೆ ಹ್ಯಾಂಡ್‌ಬ್ರೇಕ್ ಎಳೆದಂತೆಯೇ. ಜಾರಿತೆನ್ನಿಸಿದರೆ ಕ್ಲಚ್ ಒತ್ತಿಬಿಡಿ, ಹಿಂಚಕ್ರಗಳು ಮುಕ್ತವಾಗುತ್ತವೆ.

ತಿರುಗುದಾರಿ:
ಎಲ್ಲರಿಗೂ ಕೃತಜ್ಞತೆಗಳು. ಈಗಷ್ಟೇ ಬ್ಯಾಟರಿ ಹಿಡಿದು ಹೋಗಿ ನೋಡಿ ಬಂದೆ. ಬೆಟ್ಟದ ಗುರುತು ಇಲ್ಲ, ‘ಎಂ ಪ್ಲಸ್ ಎಸ್’ ಎಂದಷ್ಟೇ ಇದೆ. ಹಿಂದಿನ ಎರಡೂ ಟೈರುಗಳಲ್ಲಿ ಟ್ರೆಡ್ 3 ಮಿ.ಮೀ. ಕೂಡ ಉಳಿದಿಲ್ಲ. ನಾಲ್ಕೂ ಟೈರು ಬದಲಿಸುವವರೆಗೆ ಕಾರನ್ನು ಹೊರಗೆ ತೆಗೆಯುವುದಿಲ್ಲ. ಆ ಹಳದಿ ದೀಪ ಮಿನುಗಿದ್ದು ಏಕೆಂದು ಯಾರಾದರೂ ಹೇಳುವಿರಾ?

ಘರ್ಷಣೆ:
ಜಾರುವಿಕೆಯನ್ನು ತಡೆಯುವ ವ್ಯವಸ್ಥೆ ಕೆಲಸ ಮಾಡುತ್ತಿದೆ ಎಂಬ ಸೂಚನೆ ಅದು. 1995ರಲ್ಲಿ ಮೊದಲು ಮಾರಾಟದ ಕಾರುಗಳಿಗೆ ಬಂದ ಈ ವ್ಯವಸ್ಥೆ ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಿ, ಎಂಜಿನ್ನಿನ ಶಕ್ತಿಯನ್ನೂ ತಗ್ಗಿಸಿ ಕಾರನ್ನು ದಾರಿಗೆ ತರಲು ನೋಡುತ್ತದೆ. ಟೈರಿಗೆ ಹಿಡಿತವೇ ಇಲ್ಲದಿದ್ದಾಗ ಅದರ ಪ್ರಯತ್ನವೂ ಜಾರುತ್ತದೆ, ನಿಮಗಾದದ್ದು ಅದೇ. ಆಳವಾದ ಹಿಮದಲ್ಲಿ ಸಿಕ್ಕಿಕೊಂಡಾಗ ಹೊರಬರಲು ಚಕ್ರ ತುಸು ತಿರುಗಲೇಬೇಕಾಗುತ್ತದೆ, ಆಗ ಮಾತ್ರ ಗುಂಡಿ ಒತ್ತಿ ಆ ವ್ಯವಸ್ಥೆಯನ್ನು ನಿಲ್ಲಿಸಿ. ಹೊರಬಂದೊಡನೆ ಮತ್ತೆ ಹಾಕಿ.

ನಿಧಾನಗತಿ:
ನನ್ನ ಅಭಿಪ್ರಾಯ ಬದಲಾಗಿಲ್ಲ, ಆದರೆ ಕಾರು ನಿಮ್ಮದು. ಒಂದೇ ಕೋರಿಕೆ: ಹೊಸ ಟೈರು ಹಾಕಿದ ಮೊದಲ ದಿನ ಖಾಲಿ ಬಯಲೊಂದಕ್ಕೆ ಹೋಗಿ, ಗಂಟೆಗೆ 20 ಕಿ.ಮೀ. ವೇಗದಲ್ಲಿ ಬೇಕೆಂದೇ ಜಾರಿಸಿ, ಸರಿಪಡಿಸಿ, ಕೈಗೆ ಅಭ್ಯಾಸ ಮಾಡಿಸಿಕೊಳ್ಳಿ. ಆ ದಿನ ಮಗಳನ್ನು ಮನೆಯಲ್ಲೇ ಬಿಟ್ಟು ಹೋಗಿ.